ಹುಬ್ಬಳ್ಳಿ ಮೇಲಕ್ಕೆ ಏರ್ತಿದೆ, ಖರ್ಚು ಯಾರ ಖಾತೆಗೆ?

ಉಳವಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಹುಬ್ಬಳ್ಳಿಯ ಎತ್ತರದ ಕಟ್ಟಡಗಳು. ಕಾಡಿನ ನಡುವೆ ಕೂತೋರಿಗೆ ಹದಿನೈದನೇ ಮಹಡಿ ಚಿಂತೆ ಯಾಕೆ ಅಂತ ಕೆಲವರು ನಗಬಹುದು.

ಕಾರಣ ಇದೆ. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡದ ಹುಡುಗ ಹುಡುಗಿಯರು ಓದೋಕೆ, ಕೆಲಸಕ್ಕೆ, ದೊಡ್ಡಾಸ್ಪತ್ರೆಗೆ ಅಂತ ಹೋಗೋದು ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡಕ್ಕೇ. ಅಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿಯೋರು ನಾವೇ. ಆ ಫ್ಲ್ಯಾಟ್ ಕಟ್ಟೋ ಗಾರೆ ಕೆಲಸಕ್ಕೆ, ಗೇಟಿನ ಹತ್ರ ಸೆಕ್ಯುರಿಟಿ ಕೆಲಸಕ್ಕೆ ಹೋಗೋರಲ್ಲೂ ನಮ್ಮ ಕಡೆಯೋರು ಇದ್ದಾರೆ. ನಾಳೆ ಇಪ್ಪತ್ತು ವರ್ಷದ ಸಾಲ ಮಾಡಿ ಕೊಳ್ಳೋರೂ ನಾವೇ. ಇನ್ನೊಂದು ಕಾರಣ ನೀರು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಊರಿನ ಸ್ವಭಾವ ನೋಡೋಣ. ಹುಬ್ಬಳ್ಳಿ ಇಷ್ಟು ದಿನ ಅಡ್ಡಕ್ಕೆ, ಉದ್ದಕ್ಕೆ ಬೆಳೆದ ಊರು. 1962ರಲ್ಲಿ ಎರಡು ಊರು ಸೇರಿಸಿ ಒಂದು ಮಹಾನಗರ ಪಾಲಿಕೆ ಮಾಡಿದ್ರು. ಇವೆರಡರ ನಡುವೆ ಚಿಗರಿ ಬಸ್ಸು ಓಡೋ ದಾರಿ ಸುಮಾರು 22 ಕಿಲೋಮೀಟರ್. ಹುಬ್ಬಳ್ಳಿಯ ವಿಶ್ವದಾಖಲೆ ಕೂಡ ನೆಲದ ಮೇಲೆ ಮಲಗಿದೆ: 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ 9.4 ಲಕ್ಷ ದಾಟಿತ್ತು. ಈಗ ಕೇಶ್ವಾಪುರ, ವಿದ್ಯಾನಗರ, ಗೋಕುಲ ರಸ್ತೆ ಕಡೆ ಹೋದರೆ ಕತ್ತು ಎತ್ತಿ ನೋಡೋ ಅಪಾರ್ಟ್‌ಮೆಂಟ್‌ಗಳು ಕಾಣ್ತವೆ. ಊರು ಮೇಲಕ್ಕೆ ಹೊರಟಿದೆ.

ಎತ್ತರ ಕಟ್ಟೋದು ತಪ್ಪು ಅಂತ ನಾನು ಹೇಳಲ್ಲ. ನೂರು ಮನೆ ಒಂದರ ಪಕ್ಕ ಒಂದು ಕಟ್ಟಿದರೆ ಎಕರೆಗಟ್ಟಲೆ ಹೊಲ ಹೋಗುತ್ತೆ. ಅದೇ ನೂರು ಮನೆ ಒಂದರ ಮೇಲೊಂದು ಕಟ್ಟಿದರೆ ಊರಂಚಿನ ಎರೆ ಹೊಲ ಉಳೀಬಹುದು. ಬಸ್ ಸ್ಟಾಪು, ಒಳಚರಂಡಿ, ದವಾಖಾನೆ ಎಲ್ಲವೂ ಹೆಚ್ಚು ಜನಕ್ಕೆ ಹತ್ತಿರ ಆಗುತ್ತೆ. ಕಾಡಂಚಿನಲ್ಲಿ ಇರೋ ನಮಗೆ ಪಟ್ಟಣ ಅಡ್ಡಕ್ಕೆ ಹಬ್ಬದಿರೋದು ಒಳ್ಳೇದೇ. ಆದರೆ ನಾನು ಬಿ.ಕಾಂ ಓದಿದ್ದು, ಯಾವ ಲಾಭ ಕಂಡರೂ ಇದರ ಖರ್ಚು ಯಾರ ಖಾತೆಗೆ ಬಿತ್ತು ಅಂತ ಕೇಳೋದು ಅಭ್ಯಾಸ ಆಗಿಬಿಟ್ಟಿದೆ.

ಲೆಕ್ಕಕ್ಕೆ ಬರೋಣ. ಎಫ್‌ಎಆರ್ ಅನ್ನೋ ಪದ ಕೇಳಿರ್ತೀರಿ. ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಅನ್ನೋದೇ ಎಫ್‌ಎಆರ್. 10,000 ಚದರ ಅಡಿ ಜಾಗ, ಎಫ್‌ಎಆರ್ 2.5 ಅಂದ್ರೆ 25,000 ಚದರ ಅಡಿ ಕಟ್ಟಬಹುದು. ಸಾವಿರ ಅಡಿಯ 25 ಫ್ಲ್ಯಾಟ್. ಒಬ್ಬೊಬ್ಬ ಮಾಲೀಕರಿಗೆ ನೆಲದಲ್ಲಿ ಬರೋ ಪಾಲು 400 ಚದರ ಅಡಿ. ಇದನ್ನೇ ಯುಡಿಎಸ್ ಅನ್ನೋದು. ಎಫ್‌ಎಆರ್ 4 ಮಾಡಿ ನೋಡಿ: 40 ಫ್ಲ್ಯಾಟ್, ನೆಲದ ಪಾಲು 250 ಅಡಿ. ಜಾಗ ಅಷ್ಟೇ ಇದೆ, ಮಾರೋಕೆ 15 ಫ್ಲ್ಯಾಟ್ ಹೆಚ್ಚಾಯ್ತು. ಫ್ಲ್ಯಾಟಿನ ಬೆಲೆ ಅದೇ ಪ್ರಮಾಣದಲ್ಲಿ ಇಳಿಯಿತಾ? ಕೊಳ್ಳೋ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಅದು. ಕಟ್ಟಡಕ್ಕೆ ವಯಸ್ಸಾಗುತ್ತೆ, ಬೆಲೆ ಉಳಿಯೋದು ನೆಲಕ್ಕೆ.

ಶುಲ್ಕ ಕಟ್ಟಿಸಿಕೊಂಡು ಹೆಚ್ಚು ಮಹಡಿಗೆ ಅನುಮತಿ ಕೊಡೋದಕ್ಕೆ ಪ್ರೀಮಿಯಂ ಎಫ್‌ಎಆರ್ ಅಂತಾರೆ. ನಮ್ಮ ರಾಜ್ಯದ ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆ. ಬರೋ ದುಡ್ಡು ಅದೇ ಬಡಾವಣೆಯ ನೀರಿನ ಪೈಪು, ಚರಂಡಿ, ರಸ್ತೆಗೆ ಹೋದರೆ ಸರಿ. ಹೋಗದಿದ್ದರೆ ಹಳೇ ಪೈಪಿನ ಮೇಲೆ ಹೊಸ ಹೊರೆ ಬೀಳುತ್ತೆ, ಅಷ್ಟೇ.

ಈಗ ನೀರು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನೋದು ಯೋಜನೆ ಮಾಡೋರ ಲೆಕ್ಕ. ನೂರು ಫ್ಲ್ಯಾಟ್, ಮನೆಗೆ ನಾಲ್ಕು ಜನ ಅಂದ್ರೆ ದಿನಕ್ಕೆ 54,000 ಲೀಟರ್. ಇಷ್ಟು ನೀರನ್ನ ಹದಿನೈದನೇ ಮಹಡಿಗೆ ಏರಿಸೋಕೆ ಭಾರಿ ಕರೆಂಟ್ ಬೇಕು ಅಂದ್ಕೊಂಡಿದ್ದೆ. ಕೂಡಿ ಕಳೆದು ನೋಡಿದರೆ 12 ಯೂನಿಟ್ ಆಸುಪಾಸು, ದೊಡ್ಡ ಖರ್ಚೇ ಅಲ್ಲ. ಎತ್ತೋದು ಸುಲಭ, ಎತ್ತೋಕೆ ನೀರು ಎಲ್ಲಿಂದ ತರೋದು ಅನ್ನೋದು ಕಷ್ಟ. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರೋದು ಮುಖ್ಯವಾಗಿ ಸವದತ್ತಿ ಹತ್ರದ ಮಲಪ್ರಭಾ ಜಲಾಶಯದಿಂದ, ಜೊತೆಗೆ ನೀರಸಾಗರ ಕೆರೆ. 2008ರಲ್ಲೇ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರಿನ ಪ್ರಯೋಗ ಶುರುವಾಗಿತ್ತು. ಆದರೂ ಎಷ್ಟೋ ಬಡಾವಣೆಗಳಲ್ಲಿ ನಳದ ನೀರು ಕೆಲವು ದಿನಕ್ಕೊಮ್ಮೆ ಬರೋದನ್ನ ಅಲ್ಲಿ ಬಾಡಿಗೆಗೆ ಇರೋರೇ ಹೇಳ್ತಾರೆ. ಐದು ದಿನಕ್ಕೊಮ್ಮೆ ಬಂದರೆ ಆ ನೂರು ಫ್ಲ್ಯಾಟಿಗೆ 2.7 ಲಕ್ಷ ಲೀಟರ್ ಹಿಡಿಯೋ ಸಂಪು ಬೇಕು. ಇಲ್ಲ ಅಂದ್ರೆ ಟ್ಯಾಂಕರ್. ಆರು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ ಒಂಬತ್ತು. ಆ ಬಿಲ್ಲು ತಿಂಗಳ ಮೇಂಟೆನೆನ್ಸ್‌ನಲ್ಲಿ ನಿಮ್ಮ ಹೆಸರಿಗೇ ಬರುತ್ತೆ.

ನಗರಕ್ಕೆ ನೀರು ಸಾಲದು ಅಂದಾಗೆಲ್ಲ ಕಣ್ಣು ಬೀಳೋದು ಘಟ್ಟದ ಮೇಲೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಾಧಿಕರಣ ಕಳಸಾಕ್ಕೆ 1.72, ಬಂಡೂರಿಗೆ 2.18 ಟಿಎಂಸಿ ಕೊಟ್ಟಿತು. ಮಲಪ್ರಭೆಗೆ ಹರಿಸಿ ಹುಬ್ಬಳ್ಳಿ-ಧಾರವಾಡದ ಕಡೆಗೆ ಕುಡಿಯೋ ನೀರು ಕೊಡೋ ಯೋಜನೆ ಅದು. ಆ ಹಳ್ಳಗಳು ಇರೋದು ನಮ್ಮ ಪಕ್ಕದ ಖಾನಾಪುರದ ಕಾಡಲ್ಲಿ. ಅಳ್ನಾವರಕ್ಕೆ ಕಾಳಿ ನೀರು ಒಯ್ಯೋ ಯೋಜನೆ ಬಂದಾಗ ದಾಂಡೇಲಿ, ಹಳಿಯಾಳದಲ್ಲಿ ನಡೆದ ಪ್ರತಿಭಟನೆ ನಿಮಗೆ ನೆನಪಿರಬಹುದು. ಅಳ್ನಾವರದವರ ಬಾಯಾರಿಕೆಯೂ ನಿಜ, ನಮ್ಮೂರಿನವರ ಭಯವೂ ನಿಜ. ಹೀಗೆ ಎರಡು ಕಡೆಯ ಜನ ಎದುರುಬದುರು ನಿಲ್ಲೋ ಹೊತ್ತಿಗೆ ಲೆಕ್ಕ ತಪ್ಪಿ ತುಂಬಾ ದಿನ ಆಗಿರುತ್ತೆ. ಲೆಕ್ಕ ಹಾಕಬೇಕಾದ ಸಮಯ ಕಟ್ಟಡಕ್ಕೆ ಅನುಮತಿ ಕೊಡೋ ದಿನ.

ಇನ್ನು ಜೀವದ ಲೆಕ್ಕ. ಎತ್ತರದ ಕಟ್ಟಡ ಅಂದ್ರೆ ನಮಗೆ ಮುಂಬೈ ಥರದ್ದು ಕಣ್ಣಿಗೆ ಬರುತ್ತೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ 15 ಮೀಟರ್ ಮುಟ್ಟಿದರೇ ಅದು ಬಹುಮಹಡಿ. ಅಂದ್ರೆ ನೀವು ದಿನಾ ನೋಡೋ ಐದು ಅಂತಸ್ತಿನ ಕಟ್ಟಡವೇ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ತೀರಿಕೊಂಡರು. ಅದು ಗಗನಚುಂಬಿ ಏನಲ್ಲ, ಏಳು ಅಂತಸ್ತು. ಹೊಗೆ ತುಂಬಿ ಉಸಿರಾಡೋಕೆ ಆಗದೆ ಕೆಲವರು ಕಿಟಕಿಯಿಂದ ಹಾರಿದರು. ಧಾರವಾಡದ್ದು ನಮಗೆ ಇನ್ನೂ ಹತ್ತಿರದ್ದು. 2019ರ ಮಾರ್ಚ್ 19, ಕುಮಾರೇಶ್ವರ ನಗರ. ಕೆಳಗೆ ಅಂಗಡಿಗಳು ಶುರುವಾಗಿದ್ದವು, ಮೇಲೆ ಕಟ್ಟೋ ಕೆಲಸ ನಡೀತಿತ್ತು. ಕಟ್ಟಡ ಕುಸಿದು 19 ಜನ ಸತ್ತರು. ಹುಬ್ಬಳ್ಳಿಯ ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರೀತದೆ. ಅಲ್ಲಿ ಅಡಿಪಾಯಕ್ಕೆ ಮಾಡೋ ಖರ್ಚು ಹೊರಗೆ ಕಾಣಲ್ಲ, ಬ್ರೋಷರ್‌ನಲ್ಲಿ ಫೋಟೋ ಬರಲ್ಲ. ಕಾಣದಿರೋ ಖರ್ಚನ್ನೇ ಮೊದಲು ಕತ್ತರಿಸೋ ಆಸೆ ಬರೋದು. ಅದನ್ನ ತಡೆಯೋಕೇ ಮಣ್ಣು ಪರೀಕ್ಷೆ, ತಪಾಸಣೆ ಎಲ್ಲಾ ಇರೋದು.

ನಮ್ಮ ತಾಲೂಕಿನಲ್ಲೂ ಒಂದು ಭಾರಿ ಎತ್ತರದ ಕಟ್ಟಡ ಇದೆ: ಸೂಪಾ ಅಣೆಕಟ್ಟು, 101 ಮೀಟರ್. ಮಹಡಿಗೆ ಮೂರು ಮೀಟರ್ ಅಂದ್ರೆ 33 ಅಂತಸ್ತು. ಅದರಿಂದ ರಾಜ್ಯಕ್ಕೆ ವಿದ್ಯುತ್ ಬಂತು, ಎಷ್ಟೋ ಊರಿನ ದೀಪ, ಲಿಫ್ಟು ನಡೀತಿವೆ. ಆದರೆ ಹಳೇ ಸೂಪಾ ಊರು ನೀರಡಿ ಹೋಯ್ತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋಗಿ ಹೊಸದಾಗಿ ಬದುಕು ಕಟ್ಟಬೇಕಾಯ್ತು. ಎತ್ತರದ ಲಾಭ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬೀಳೋದು ಹೇಗೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಅದಕ್ಕೇ ಈ ಪ್ರಶ್ನೆಯನ್ನ ನಾವು ಬೇರೆಯವರಿಗಿಂತ ಗಟ್ಟಿಯಾಗಿ ಕೇಳಬೇಕು.

ಕೊನೆಗೆ ಕೆಲಸಕ್ಕೆ ಬರೋ ಮಾತು. ಇದನ್ನ ಫೋನ್‌ನಲ್ಲಿ ಬರ್ಕೊಳ್ಳಿ. ಫ್ಲ್ಯಾಟ್ ಕೊಳ್ಳೋದಾದರೆ ರೇರಾ ನೋಂದಣಿ ನೋಡಿ. ಜಾಗ 500 ಚದರ ಮೀಟರ್ ಅಥವಾ ಫ್ಲ್ಯಾಟ್ ಎಂಟು ದಾಟಿದ ಹೊಸ ಪ್ರಾಜೆಕ್ಟಿಗೆ ಅದು ಕಡ್ಡಾಯ. ನೀವು ಕೊಟ್ಟ ದುಡ್ಡಿನ 70 ಭಾಗ ಆ ಪ್ರಾಜೆಕ್ಟಿನ ಬೇರೆ ಖಾತೆಯಲ್ಲಿ ಇರಬೇಕು. ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಸೇಲ್ ಡೀಡ್‌ನಲ್ಲಿ ಯುಡಿಎಸ್ ಎಷ್ಟು ಅಂತ ಅಂಕಿಯಲ್ಲೇ ಬರೆಸಿ. ಓಸಿ, ಅಂದ್ರೆ ವಾಸಕ್ಕೆ ಯೋಗ್ಯ ಅನ್ನೋ ಪತ್ರ, ಇಲ್ಲದೆ ಹೋಗಬೇಡಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಆ ಪತ್ರ ನೋಡಿಯೇ ಕರೆಂಟ್, ನೀರಿನ ಸಂಪರ್ಕ ಕೊಡಬೇಕು ಅಂದಿದೆ.

ಬಾಡಿಗೆಗೆ ಹೋಗೋರು ಇಷ್ಟು ಮಾಡಿ: ಲಿಫ್ಟ್ ಬಿಟ್ಟು ಒಮ್ಮೆ ಮೆಟ್ಟಿಲಲ್ಲಿ ಇಳೀರಿ. ದಾರೀಲಿ ಹಳೇ ಸೋಫಾ, ಸೈಕಲ್, ಬೀಗ ಇದ್ದರೆ ಗೊತ್ತಾಗುತ್ತೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಮಾಲೀಕರನ್ನ ಬಿಟ್ಟು ವಾಚ್‌ಮನ್ ಅಣ್ಣನನ್ನ ಕೇಳಿ. ಕಟ್ಟೋ ಕೆಲಸಕ್ಕೆ ಹೋಗೋ ತಮ್ಮಂದಿರೆ, ಹೆಲ್ಮೆಟ್, ಬೆಲ್ಟ್ ಕೇಳೋಕೆ ನಾಚಿಕೆ ಬೇಡ. ಅದು ಕೊಡಲೇಬೇಕಾದ್ದು.

ಭಾರತ ಹುಣ್ಣಿಮೆ ಹೊತ್ತಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಜನ ಚಕ್ಕಡಿ ಕಟ್ಟಿಕೊಂಡು ಉಳವಿ ಚನ್ನಬಸವಣ್ಣನ ಜಾತ್ರೆಗೆ ಬರ್ತಾರೆ. ಅವರ ಊರಿಗೂ ನಮ್ಮ ಊರಿಗೂ ಸಂಬಂಧ ಹಳೇದು. ಅವರ ಊರು ಎತ್ತರಕ್ಕೆ ಬೆಳೀಲಿ. ನೀರು, ಮೆಟ್ಟಿಲು, ಅಡಿಪಾಯ ಮೂರರ ಲೆಕ್ಕವನ್ನೂ ಮೊದಲೇ ಬರೆದು ಬೆಳೀಲಿ. ನೀವಿರೋ ಕಟ್ಟಡದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೂಡಿಸಿ ನೋಡೋಣ.