ಧ್ವನಿಗೂ ಅಂಕಿತ ಬೇಕು

(ಕ್ಯಾತನಹಳ್ಳಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಶಬ್ದವು ಆಕಾಶದ ಗುಣ, ಅದು ಹುಟ್ಟಿ ಅಳಿಯತಕ್ಕದ್ದು ಎಂಬುದು ತಾರ್ಕಿಕರ ಮತ. ಅಲ್ಲ, ಶಬ್ದವು ನಿತ್ಯ ಎಂಬುದು ಮೀಮಾಂಸಕರ ವಾದ. ಪಾಠಶಾಲೆಯಲ್ಲಿ ಇದನ್ನೇ ಹಿಡಿದುಕೊಂಡು ನಾವು ರಾತ್ರಿಯೆಲ್ಲ ವಾದಿಸಿದ್ದುಂಟು. ಗ್ರಾಮಫೋನು ಬಂದ ಮೇಲೆ ಮೂರನೆಯ ಪಕ್ಷವೊಂದು ಹುಟ್ಟಿತು: ಕಾಪಾಡಿದರೆ ಉಳಿಯುತ್ತದೆ, ಬಿಟ್ಟರೆ ಅಳಿಯುತ್ತದೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ಗ್ರಾಮಫೋನಿಗಾಗಿ ಮುದ್ರಿಸಿಕೊಂಡರು. ಹಾಡಿನ ಕೊನೆಯಲ್ಲಿ ಆ ತಾಯಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಕೇಳಿದವರು ಜಂಬವೆಂದಾರು. ಜಂಬವಲ್ಲ. ಮೂಲ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯಬೇಕಲ್ಲ! ವಚನಕ್ಕೆ ಅಂಕಿತವಿದ್ದಂತೆ ಆ ಹಾಡಿಗೆ ಆ ಹೆಸರು. ಕೊನೆಗಾಲದಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು.

ಸೋಬಾನೆ ಹಾಡುವ ನಮ್ಮ ತಾಯಂದಿರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಹೀಗೆ ಹೆಸರು ಕೂಗುವವರಲ್ಲ. ಕೇಳಿದವರೇ ಬರೆದಿಡಬೇಕು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರಾದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಗಳಾಗಿದ್ದವರು. ಆದರೂ ಹಾಡು ಹುಡುಕಿಕೊಂಡು ಹಳ್ಳಿಹಳ್ಳಿ ಸುತ್ತಿದರು. ಅವರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿ ಇಂಥ ಧ್ವನಿಮುದ್ರಿಕೆಗಳ ಸಂಗ್ರಹವೇ ಇದೆ. ಫ.ಗು. ಹಳಕಟ್ಟಿಯವರು ತಾಡವೋಲೆಗಳಿಗಾಗಿ ಪಟ್ಟ ಶ್ರಮವನ್ನು ಇವರು ಕಂಠಕ್ಕಾಗಿ ಪಟ್ಟರು.

ಮೊನ್ನೆ ಭಕ್ತರೊಬ್ಬರು ಹಳೆಯ ಕ್ಯಾಸೆಟ್ಟೊಂದನ್ನು ಮಠಕ್ಕೆ ತಂದರು. ರಾಗಿ ಬೀಸುವ ಪದ. ಎಂಥ ಕಂಠ! ನಡುವೆ ಮಗುವೊಂದು ಅಳುತ್ತದೆ. ಆ ತಾಯಿ ಪದವನ್ನು ಬಿಡದೆ ಅದೇ ಧಾಟಿಯಲ್ಲಿ ಮಗುವನ್ನು ಸಂತೈಸುತ್ತಾರೆ. ‘ಯಾರಪ್ಪ ಹಾಡಿದವರು?’ ಎಂದೆವು. ‘ನಮ್ಮಜ್ಜಿಯೋ, ಅವರ ಓರಗಿತ್ತಿಯೋ, ಗೊತ್ತಿಲ್ಲ ಬುದ್ಧಿ’ ಎಂದರು. ಗುರುತಿಸಬಲ್ಲ ಹಿರಿಯ ಜೀವವೊಂದು ಊರಿನಲ್ಲಿತ್ತಂತೆ. ಹೋದ ವರ್ಷ ಲಿಂಗೈಕ್ಯವಾಯಿತು. ಅಳುತ್ತಿದ್ದ ಆ ಮಗು ಈ ಭಕ್ತರ ತಂದೆಯೇ ಇರಬಹುದು. ಹೇಳುವವರು ಯಾರು?

ಆದ್ದರಿಂದ ಟ್ರಂಕುಗಳನ್ನು ತೆರೆಯಿರಿ. ಟೇಪಿಗೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಬಿಸಿಲು ತಾಗಿದರೆ ಸುರುಟುತ್ತದೆ, ಅಯಸ್ಕಾಂತದ ಬಳಿ ಇಟ್ಟರೆ ಧ್ವನಿಯೇ ಅಳಿಸಿಹೋದೀತು. ಓದಿದ ಮಕ್ಕಳು ಅದನ್ನು ಕಂಪ್ಯೂಟರಿಗೆ ಇಳಿಸಿಕೊಡಲಿ. ಇಳಿಸಿದೆವೆಂದು ಮೂಲವನ್ನು ಎಸೆಯಬೇಡಿ. ಹಾಡಿದವರು ಯಾರು, ಯಾರ ಮನೆಯ ಮದುವೆ, ಯಾವ ವರ್ಷ ಎಂಬುದನ್ನು ಡಬ್ಬಿಯ ಮೇಲೆ ಬರೆಯಿರಿ. ಮಠಕ್ಕೆ ತರುವವರು ಕ್ಯಾಸೆಟ್ಟನ್ನು ಮಾತ್ರ ತರಬೇಡಿ, ಧ್ವನಿಯನ್ನು ಗುರುತಿಸಬಲ್ಲ ಮನೆಯ ಹಿರಿಯರನ್ನೂ ಕರೆತನ್ನಿ. ಅವರು ಕುಳಿತು ಕೇಳಲಿ. ದಾಸೋಹಕ್ಕೆ ಏರ್ಪಾಟು ಮಾಡಿಸಿದ್ದೇವೆ.