ಮಕ್ಕಳಿಲ್ಲದ ದಂಪತಿಗಳು ಮತ್ತು ಕುಟುಂಬ ವೈದ್ಯರ ಹೊಣೆ



ಮದುವೆಯಾಗಿ ಕೆಲವು ವರ್ಷಗಳಾದರೂ ಮಕ್ಕಳಾಗದಿದ್ದರೆ ಗ್ರಾಮಗಳಲ್ಲಿ ಮೊದಲು ಆಪಾದನೆಗೆ ಗುರಿಯಾಗುವವಳು ಸೊಸೆ. ಸೀಮಂತ, ನಾಮಕರಣಗಳಿಗೆ ಆಕೆಯನ್ನು ಕರೆಯಲೂ ಹಿಂಜರಿಯುವವರಿದ್ದಾರೆ. ಆಕೆ ಹರಕೆ, ನಾಟಿ ಔಷಧಿ, ದೂರದ ಆಸ್ಪತ್ರೆ ಎಂದು ಅಲೆದು ಬಳಲಿದ ಮೇಲೂ ಅನೇಕ ಸಂದರ್ಭಗಳಲ್ಲಿ ಪತಿಯ ಒಂದು ಪರೀಕ್ಷೆಯೂ ನಡೆದಿರುವುದಿಲ್ಲ. ವಾಸ್ತವದಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಈ ಅನ್ಯಾಯವನ್ನು ಆರಂಭದಲ್ಲಿಯೇ ತಡೆಯಬಲ್ಲವರು ಇಬ್ಬರನ್ನೂ ಬಲ್ಲ ಕುಟುಂಬ ವೈದ್ಯರು.

ಗರ್ಭನಿರೋಧಕವಿಲ್ಲದೆ 12 ತಿಂಗಳು ನಿಯಮಿತವಾಗಿ ಕೂಡಿದ್ದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನವೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಪತ್ನಿಗೆ 35 ವರ್ಷ ಮೀರಿದ್ದರೆ 6 ತಿಂಗಳಿಗೇ ವೈದ್ಯರನ್ನು ಕಾಣಬೇಕು. ಮುಟ್ಟು ತೀರಾ ಅನಿಯಮಿತವಾಗಿದ್ದರೆ ಕಾಯುವ ಅಗತ್ಯವೇ ಇಲ್ಲ.

ಕುಟುಂಬ ವೈದ್ಯರ ಮೊದಲ ಕೆಲಸ ದಂಪತಿಗಳಿಬ್ಬರನ್ನೂ ಒಟ್ಟಿಗೆ ಕರೆದು ವಿಚಾರಿಸುವುದು. ಮುಟ್ಟಿನ ಕ್ರಮ, ಹಿಂದಿನ ಗರ್ಭಪಾತ, ಕ್ಷಯ, ಥೈರಾಯ್ಡ್, ತಂಬಾಕು, ಮದ್ಯ ಇವೆಲ್ಲವನ್ನೂ ಕೇಳಬೇಕು. ಪತಿ ನಗರದಲ್ಲಿ ದುಡಿಯುತ್ತಾ ತಿಂಗಳಿಗೊಮ್ಮೆ ಊರಿಗೆ ಬರುವವನಾದರೆ ಅದೇ ಕಾರಣವಾಗಿರಬಹುದು. ಗರ್ಭಧಾರಣೆಗೆ ಎರಡು ಮೂರು ದಿನಗಳಿಗೊಮ್ಮೆ ಕೂಡುವುದು ಸೂಕ್ತ. ಈ ಸರಳ ಸಂಗತಿಯನ್ನು ಸಂಕೋಚದಿಂದ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಬಳಿಕ ಪರೀಕ್ಷೆಗಳು. ಪತಿಯ ವೀರ್ಯ ಪರೀಕ್ಷೆ ನೋವಿಲ್ಲದ, ಕಡಿಮೆ ಖರ್ಚಿನ ಪರೀಕ್ಷೆ. ಅದಕ್ಕೆ ಮುನ್ನ 2ರಿಂದ 7 ದಿನಗಳ ಸಂಯಮ ಸಾಕು. ಫಲಿತಾಂಶದಲ್ಲಿ ಕೊರತೆ ಕಂಡರೆ ಎದೆಗುಂದದೆ ಸುಮಾರು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿಸಬೇಕು. ಪತ್ನಿಗೆ ರಕ್ತಪರೀಕ್ಷೆ, ಅಗತ್ಯವಿದ್ದರೆ ಸ್ಕ್ಯಾನಿಂಗ್ ನಡೆಯಬೇಕು. ಅಂಡಾಶಯದ ಪಿಸಿಓಎಸ್ ತೊಂದರೆಯಿರುವ ಸ್ಥೂಲಕಾಯದ ಮಹಿಳೆಯರು ತೂಕವನ್ನು ಶೇ. 5ರಿಂದ 10ರಷ್ಟು ಇಳಿಸಿದರೂ ಅಂಡೋತ್ಪತ್ತಿ ಮರಳುವುದುಂಟು. ಜನನಾಂಗದ ಕ್ಷಯವು ಸದ್ದಿಲ್ಲದೆ ಗರ್ಭನಾಳಗಳನ್ನು ಕೆಡಿಸಬಲ್ಲದು. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಗರ್ಭಧಾರಣೆ ಬಯಸುವ ಮಹಿಳೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮೊದಲಿನಿಂದಲೇ ಸೇವಿಸಬೇಕು.

ತಜ್ಞರ ನೆರವು ಬೇಕಾದಾಗ ಕುಟುಂಬ ವೈದ್ಯರು ಎಲ್ಲ ವರದಿಗಳೊಡನೆ ಪತ್ರ ನೀಡಿದರೆ ಅದೇ ಪರೀಕ್ಷೆಗೆ ಮತ್ತೆ ಹಣ ತೆರುವುದು ತಪ್ಪುತ್ತದೆ. ಪ್ರನಾಳ ಶಿಶು ಚಿಕಿತ್ಸೆ ನೀಡುವ ಕೇಂದ್ರಗಳು 2021ರ ಕಾಯ್ದೆಯಂತೆ ನೋಂದಣಿ ಹೊಂದಿರಬೇಕು. ಯಶಸ್ಸಿನ ಸಾಧ್ಯತೆ ಮತ್ತು ವೆಚ್ಚವನ್ನು ಮೊದಲೇ ತಿಳಿಸಬೇಕು. ಜಮೀನು ಅಡವಿಡುವ ಮುನ್ನ ಈ ವಿವರಗಳನ್ನು ಕೇಳುವುದು ದಂಪತಿಗಳ ಹಕ್ಕು. ಚಿಕಿತ್ಸೆ ಫಲಿಸದಿದ್ದಾಗ ಸಮಾಧಾನ ಹೇಳಿ, ಕಾನೂನುಬದ್ಧ ದತ್ತು ಸ್ವೀಕಾರದ ದಾರಿಯನ್ನು ತಿಳಿಸುವುದೂ ವೈದ್ಯರ ಹೊಣೆಯೇ.

ಆಶಾ ಕಾರ್ಯಕರ್ತೆಯರು ಇಂತಹ ದಂಪತಿಗಳ ವಿಷಯವನ್ನು ಗೋಪ್ಯವಾಗಿಟ್ಟು, ಇಬ್ಬರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಪತ್ನಿಯೊಬ್ಬಳೇ ಬಂದಲ್ಲಿ ಪತಿಯನ್ನೂ ಕರೆಸುವಂತೆ ವೈದ್ಯರು ಹೇಳಬೇಕು. ಮನೆಯ ಹಿರಿಯರು ಸೊಸೆಯನ್ನು ದೂಷಿಸುವುದನ್ನು ಬಿಟ್ಟು, ಮಗನನ್ನೂ ಪರೀಕ್ಷೆಗೆ ಕಳುಹಿಸಬೇಕೆಂದು ಈ ಮೂಲಕ ವಿನಂತಿಸಲಾಗಿದೆ.