ಹ್ಯಾಂಡಲ್ ತಿರುಗಿತು, ಟೂಲ್ ಎಲ್ಲಿ ನಿಂತಿತು?

ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿಯಂಥ ಕಡೆ ಮನೆಗೆ ಹೊಂದಿಕೊಂಡ ಪತ್ರಾಸಿನ ಶೆಡ್ಡಿನಲ್ಲಿ ಲೇಥ್ ಇಟ್ಟುಕೊಂಡವರಿಗೆ ಬರುವ ಕೆಲಸ ಬಹುಮಟ್ಟಿಗೆ ಒಕ್ಕಲುತನದ್ದೇ: ರೋಟಾವೇಟರಿನ ಶಾಫ್ಟು, ಟ್ರಾಲಿಯ ಪಿನ್ನು, ಪಂಪಿನ ಬುಷ್. ಒರಟು ಕೆಲಸ ಅನ್ನಿಸಬಹುದು. ಆದರೆ 6206 ಬೇರಿಂಗಿನ ಒಳವ್ಯಾಸ 30 ಮಿಲಿಮೀಟರ್. ಕೆ6 ಫಿಟ್ಟಿನಲ್ಲಿ ಅದು ಕೂರಬೇಕಾದರೆ ಶಾಫ್ಟು 30.002 ರಿಂದ 30.015 ರೊಳಗೆ ಇರಬೇಕು. ಇಷ್ಟು ಇಕ್ಕಟ್ಟಿನಲ್ಲಿ ಹ್ಯಾಂಡಲಿನ ಡಯಲ್ ನಂಬುವುದು ಸರಿಯಲ್ಲ. ಅಳತೆಯನ್ನು ಸರಿಯುವ ಸ್ಲೈಡಿನ ಮೇಲೇ ಹಿಡಿಯಬೇಕು, ಅದನ್ನು ಸರಿಸುವ ಸ್ಕ್ರೂವಿನ ಮೇಲಲ್ಲ.

ಕ್ರಾಸ್ ಸ್ಲೈಡಿನ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಸುತ್ತದೆ, ಡಯಲಿನಲ್ಲಿ 100 ಗೆರೆ ಇವೆ ಅಂದುಕೊಳ್ಳಿ. ಗೆರೆಗೆ 0.05, ವ್ಯಾಸದಲ್ಲಿ ಅದರ ಇಮ್ಮಡಿ, 0.1. ಮೇಲಾಗಿ ನಟ್ ಸವೆದಿದ್ದರೆ, ದಿಕ್ಕು ಬದಲಿಸಿದಾಗ ಹ್ಯಾಂಡಲ್ ತಿರುಗುತ್ತದೆ, ಸ್ಲೈಡ್ ಮಾತ್ರ ಕದಲುವುದಿಲ್ಲ. ಪಳಗಿದ ಟರ್ನರ್ ಇದಕ್ಕೆ ನಗುತ್ತಾನೆ: ಯಾವಾಗಲೂ ಒಂದೇ ದಿಕ್ಕಿನಿಂದ ಬಂದರೆ ಪ್ಲೇ ಎಲ್ಲಿಯದು? ಮಾತು ನಿಜ, ಅರ್ಧ. ಸ್ಕ್ರೂ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಹೆಚ್ಚು ಕೆಲಸ ನಡೆದ ಭಾಗದಲ್ಲಿ ಹೆಚ್ಚು ಸವೆಯುತ್ತದೆ, ಅಲ್ಲಿನ ಹತ್ತು ಗೆರೆ ಬೇರೆ ಕಡೆಯ ಹತ್ತು ಗೆರೆಗೆ ಸಮನಲ್ಲ. ಮಿಲ್ಲಿಂಗಿನಲ್ಲಂತೂ ಟೇಬಲ್ ಹೋಗುವ ದಿಕ್ಕಿಗೇ ಕಟರ್ ಕಡಿಯುತ್ತಿದ್ದರೆ, ಆ ಸಡಿಲಿನಷ್ಟೂ ಟೇಬಲನ್ನು ಅದೇ ಎಳೆದುಕೊಂಡುಬಿಡುತ್ತದೆ.

ಕಡಿಮೆ ಖರ್ಚಿನ ದಾರಿ ಎಂದರೆ ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್. ಅದರ ಮೊನೆ ಸ್ಲೈಡಿಗೆ ತಾಗಿದ್ದರೆ ಸಾಕು, ಸ್ಕ್ರೂ ಏನೇ ಹೇಳಲಿ, ನಿಜವಾದ ಚಲನೆ 0.01 ರ ಲೆಕ್ಕದಲ್ಲಿ ಕಾಣುತ್ತದೆ. ಮುಂದಿನದು ಡಿಜಿಟಲ್ ರೀಡ್‌ಔಟ್: ಗಾಜಿನ ಪಟ್ಟಿಯ ಮೇಲೆ ಸಾಮಾನ್ಯವಾಗಿ 20 ಮೈಕ್ರಾನಿಗೊಂದು ಗೆರೆ, ಅದನ್ನು ಓದುವ ಕಣ್ಣು, 5 ಮೈಕ್ರಾನಿನವರೆಗಿನ ಅಂಕಿ. 1941 ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರಿನ ಹಳೆಯ ಲೇಥೊಂದರ ಬೆಡ್ ಗಟ್ಟಿಯಿದ್ದು ಸ್ಕ್ರೂ ಮಾತ್ರ ಸವೆದಿದ್ದರೆ, ಕ್ರಾಸ್ ಸ್ಲೈಡಿಗೊಂದು ಸ್ಕೇಲ್ ಹಾಕಿ ಅದನ್ನು ಇನ್ನೂ ಬಹಳ ದಿನ ದುಡಿಸಬಹುದು. ಎರೆಭೂಮಿಯ ಧೂಳು, ಬೀಡಿನ ಪುಡಿ? ಸ್ಕೇಲಿನ ರಬ್ಬರ್ ತುಟಿ ಕೆಳಮುಖವಾಗಿರಲಿ, ಮೇಲೊಂದು ತಗಡಿನ ಮುಚ್ಚಳವಿರಲಿ. ಕರೆಂಟು ಹೋದರೆ ಲೇಥೂ ನಿಲ್ಲುತ್ತದೆ. ಮರಳಿ ಬಂದಾಗ ಟೂಲನ್ನು ಕೆಲಸಕ್ಕೆ ಮುಟ್ಟಿಸಿ ಸೊನ್ನೆ ಹಿಡಿದರಾಯಿತು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಸ್ಕೇಲ್ ಹೇಳುವುದು ಸ್ಲೈಡಿನ ಜಾಗ, ಟೂಲಿನ ತುದಿಯದಲ್ಲ. ತುದಿ ಸವೆಯುತ್ತದೆ, ಉದ್ದನೆಯ ಶಾಫ್ಟು ಬಾಗುತ್ತದೆ, 5 ಮೈಕ್ರಾನ್ ವ್ಯಾಸದಲ್ಲಿ 10 ಆಗಿ ನಮ್ಮ 13 ಮೈಕ್ರಾನಿನ ಜಾಗವನ್ನೇ ನುಂಗುತ್ತದೆ. ಒಪ್ಪಬೇಕಾದ ಮಾತು. ಹಾಗಾಗಿ ಸ್ಕೇಲನ್ನು ವ್ಯತ್ಯಾಸ ಕೇಳಬೇಕು, ವ್ಯಾಸವನ್ನು ಮೈಕ್ರೋಮೀಟರನ್ನು ಕೇಳಬೇಕು. ಶಾಫ್ಟು 30.41 ಇದೆ, 30.01 ಬೇಕು, ಸ್ಲೈಡ್ ಸರಿಯಬೇಕಾದ್ದು 0.2. ಅದನ್ನು 0.1 ರ ಎರಡು ಸಮ ಕಟ್ಟಿಗೆ ಹಂಚಿ. ಮೊದಲ ಕಟ್ಟಿನ ಬಳಿಕ 30.21 ರ ಬದಲು 30.22 ಬಂತೆಂದರೆ, ಟೂಲ್ ಎಷ್ಟು ಹಿಮ್ಮೆಟ್ಟಿತು ಎಂಬುದು ಕೈಗೆ ಸಿಕ್ಕಿತು, ಎರಡನೆಯದರಲ್ಲಿ ತುಂಬಿಕೊಡಬಹುದು. ಶಾಫ್ಟು ತಣಿಯುವ ಮೊದಲು ಮಾತ್ರ ಅಳೆಯಬೇಡಿ: 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಈ ಗಾತ್ರದ ಉಕ್ಕು ಹತ್ತಿರ ಹತ್ತಿರ 0.01 ಉಬ್ಬಿರುತ್ತದೆ.

ಕೊನೆಯ ನಾಲ್ಕಾರು ಮೈಕ್ರಾನಿಗೆ ದುಡ್ಡಿಲ್ಲದ ಹಳೆಯ ಉಪಾಯವೊಂದುಂಟು. ಟಾಪ್ ಸ್ಲೈಡನ್ನು ಲೇಥಿನ ಅಕ್ಷಕ್ಕೆ 5 ಡಿಗ್ರಿ 45 ನಿಮಿಷದಷ್ಟು ಓರೆ ತಿರುಗಿಸಿಟ್ಟರೆ, ಅದರ ಹ್ಯಾಂಡಲಿನ 0.05 ರ ಗೆರೆ ಟೂಲನ್ನು ಒಳಕ್ಕೆ ತಳ್ಳುವುದು 0.005 ಮಾತ್ರ, ಸ್ಕ್ರೂವಿನ ತಪ್ಪೂ ಹತ್ತರಲ್ಲೊಂದಾಗುತ್ತದೆ. ಉಳಿದ ಚಲನೆಯೆಲ್ಲ ಉದ್ದಕ್ಕೆ ಹೋಗುವುದರಿಂದ, ಶಾಫ್ಟಿನ ಮೆಟ್ಟಿಲಿನ ಹತ್ತಿರ ಹೀಗೆ ಮಾಡುವವರು ಕ್ಯಾರೇಜನ್ನು ಅಷ್ಟೇ ಹಿಂದಕ್ಕೆ ಎಳೆದುಕೊಳ್ಳಬೇಕು.